ಒಲಿಸುವ ಮಾತು

ಮಾಡು, ಬರೆ ಎಂಬ ಧಾತುಗಳಿಗೆ ‘ಇಸು’ ಪ್ರತ್ಯಯ ಸೇರಿದರೆ ಮಾಡಿಸು, ಬರೆಯಿಸು ಎಂಬ ಪ್ರೇರಣಾರ್ಥಕ ರೂಪಗಳಾಗುವುದನ್ನು ವಿದ್ಯಾರ್ಥಿಗಳು ಬಲ್ಲರು. ‘ಒಲಿ’ ಎಂಬ ಧಾತುವಿಗೆ ಅದೇ ಪ್ರತ್ಯಯ ಸೇರಿ ‘ಒಲಿಸು’ ಎಂದಾಗಿದೆ. ವ್ಯಾಕರಣದಲ್ಲಿ ಇವೆಲ್ಲ ಒಂದೇ ಪಂಕ್ತಿಯವು, ಅರ್ಥದಲ್ಲಿ ಹಾಗಲ್ಲ. ಗದರಿಸಿ ಬರೆಯಿಸಬಹುದು, ಕೂಲಿ ಕೊಟ್ಟು ಮಾಡಿಸಬಹುದು. ಗದರಿಸಿ ಯಾರನ್ನೂ ಒಲಿಸಲಾಗದು. ಒಲಿಸುವವನು ಎಷ್ಟೇ ಶ್ರಮಪಟ್ಟರೂ ಕೊನೆಗೆ ಒಲಿಯಬೇಕಾದುದು ಎದುರಿನವರ ಮನಸ್ಸು.

ಈ ಪದಕ್ಕೆ ನೆರೆಹೊರೆಯ ಪದಗಳೂ ಉಂಟು. ಅಳುವ ಮಗುವನ್ನು ತಾಯಿ ರಮಿಸುತ್ತಾಳೆ. ಒಳಗೊಂದು ಸ್ವಾರ್ಥವನ್ನಿಟ್ಟುಕೊಂಡು ಸವಿಮಾತನಾಡುವವನು ಪುಸಲಾಯಿಸುತ್ತಾನೆ. ‘ಓಲೈಸು’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ಅದು ರಾಜಸಭೆ, ಸೇವೆ ಎಂಬ ಅರ್ಥದ ‘ಓಲಗ’ಕ್ಕೆ ನೆಂಟ. ಹಿಂದೆ ಓಲೈಸುವುದೆಂದರೆ ಒಡೆಯನ ಸನ್ನಿಧಿಯಲ್ಲಿದ್ದು ಸೇವಿಸುವುದು. ಅದರಲ್ಲಿ ಕುಂದೇನೂ ಇರಲಿಲ್ಲ. ಇಂದು ಒಬ್ಬನು ಮತ್ತೊಬ್ಬನನ್ನು ಓಲೈಸುತ್ತಾನೆ ಎಂದರೆ ಅದು ಬಹುಮಟ್ಟಿಗೆ ಆಕ್ಷೇಪಣೆಯ ಮಾತು. ಪಾಪ, ಪದಗಳಿಗೂ ಇಳಿಗಾಲ ಬರುತ್ತದೆ.

ಹದಿನೈದನೆಯ ಶತಮಾನದ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಉದ್ಯೋಗಪರ್ವದಲ್ಲಿ ಆ ಹಳೆಯ ಅರ್ಥ ಜೀವಂತವಾಗಿದೆ. ಸಂಧಾನ ಮುರಿದುಬಿದ್ದ ಮೇಲೆ ಶ್ರೀಕೃಷ್ಣನು ಕರ್ಣನನ್ನು ಒಲಿಸಲು ತೊಡಗುತ್ತಾನೆ. ಮೈದುನನೆಂಬ ಸಲಿಗೆಯಿಂದ ಅವನನ್ನು ಸೆಳೆದು ರಥದಲ್ಲಿ ತನ್ನ ಪಕ್ಕದಲ್ಲೇ ಕುಳ್ಳಿರಿಸಿಕೊಳ್ಳುತ್ತಾನೆ. ನೀನು ಸೂತಪುತ್ರನಲ್ಲ, ಕುಂತಿಯ ಹಿರಿಯ ಮಗ ಎಂದು ತಿಳಿಸುತ್ತಾನೆ. ಪಾಂಡವರೂ ಕೌರವರೂ ನಿನ್ನ ಗದ್ದುಗೆಯನ್ನು ಓಲೈಸುವರು ಎಂದು ಆಸೆಯನ್ನೂ ತೋರಿಸುತ್ತಾನೆ. ಹೇಳಿದ ಜನ್ಮವೃತ್ತಾಂತದಲ್ಲಿ ಸುಳ್ಳಿಲ್ಲ. ಹೇಳಿದ ಹೊತ್ತಿನಲ್ಲಿ ಮಾತ್ರ ಉಪಾಯವಿದೆ. ಇಷ್ಟು ಸವಿಯಾದ, ಇಷ್ಟು ಕ್ರೂರವಾದ ಅನುನಯ ಕನ್ನಡ ಕಾವ್ಯದಲ್ಲಿ ವಿರಳ. ಇದನ್ನು ರಮಿಸಿದ್ದು ಎನ್ನಲಾಗದು. ಬರಿಯ ಪುಸಲಾಯಿಕೆ ಎನ್ನಲೂ ಮನಸ್ಸು ಒಪ್ಪದು.

ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ಕುಲವನ್ನು ತಿಳಿಸಿಯೇ ಕೃಷ್ಣನು ತನ್ನನ್ನು ಕೊಂದನೆಂದು ಅವನು ಒಳಗೇ ಮರುಗುತ್ತಾನೆ. ಆದರೂ ತನ್ನನ್ನು ಸಲಹಿದ ಕೌರವನನ್ನು ಬಿಟ್ಟು ಬರಲು ಅವನು ಒಪ್ಪುವುದಿಲ್ಲ. ಒಡೆಯನಿಗಾಗಿ ಯುದ್ಧದಲ್ಲಿ ದೇಹವನ್ನೇ ತೆರುವೆನೆನ್ನುತ್ತಾನೆ. ಅದೇ ಉಸಿರಿನಲ್ಲಿ, ಕೃಷ್ಣನು ಕೇಳದೆಯೇ ಇದ್ದ ಒಂದು ಮಾತನ್ನು ಸೂರ್ಯನ ಮೇಲೆ ಆಣೆಯಿಟ್ಟು ಕೊಡುತ್ತಾನೆ: ಪಾಂಡವರೈವರನ್ನು ತಾನು ನೋಯಿಸುವುದಿಲ್ಲ.