ಬೆಂಗಳೂರಿಗೆ ಹೋದಾಗ ಊಟ ಎಲ್ಲಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರಿಗೆ ಬೆಂಗಳೂರು ಅಪರಿಚಿತ ಊರೇನೂ ಅಲ್ಲ. ಬೆಳಗಿನ ರೈಲನ್ನೋ ಬಸ್ಸನ್ನೋ ಹಿಡಿದರೆ ಬಿಸಿಲೇರುವ ಹೊತ್ತಿಗೆ ಅಲ್ಲಿರುತ್ತೇವೆ. ಮದುವೆಯ ಜವಳಿಗೆಂದು ಹೋಗುವವರುಂಟು. ಹೈಕೋರ್ಟಿನ ವ್ಯಾಜ್ಯಕ್ಕೆಂದು ಹೋಗುವವರುಂಟು. ಕಾಲೇಜಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಿ ಬರಲು ಹೋಗುವವರುಂಟು. ಯಾವ ಕೆಲಸಕ್ಕೆ ಹೋದರೂ ಹೊಟ್ಟೆಯನ್ನು ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಒಂದು ದಿನದ ಮಟ್ಟಿಗಾದರೆ ಬುತ್ತಿ ಕಟ್ಟಿಕೊಳ್ಳಬಹುದು. ಆದರೆ ಕಿದ್ವಾಯಿ, ಜಯದೇವ, ನಿಮ್ಹಾನ್ಸ್‌ನಂತಹ ಆಸ್ಪತ್ರೆಗಳಿಗೆ ಮನೆಯವರೊಬ್ಬರನ್ನು ಸೇರಿಸಿ, ಜೊತೆಯಲ್ಲಿ ವಾರಗಟ್ಟಲೆ ನಿಲ್ಲಬೇಕಾದವರ ಪಾಡು ಬೇರೆ. ಮೂರು ಹೊತ್ತಿನ ಆಹಾರದ ಖರ್ಚು ಅವರಿಗೆ ಔಷಧಿಯ ಖರ್ಚಿನ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಕೆಟ್ಟದ್ದನ್ನು ತಿಂದು ಜೊತೆಗಿರುವವರೇ ಮಲಗಿಬಿಟ್ಟರೆ ರೋಗಿಯನ್ನು ನೋಡಿಕೊಳ್ಳುವವರು ಯಾರು? ಆದ್ದರಿಂದ ಬೀದಿಗೆ ಹತ್ತು ಹೋಟಲುಗಳಿರುವ ಆ ಊರಿನಲ್ಲಿ, ನಮ್ಮ ಕೈಗೆಟಕುವ ಬೆಲೆಗೆ ಒಳ್ಳೆಯ ಆಹಾರ ಸಿಗುವ ಜಾಗವನ್ನು ಗುರುತಿಸುವುದು ಹೇಗೆಂಬುದು ಬರಿಯ ನಾಲಗೆಯ ಚಪಲದ ಪ್ರಶ್ನೆಯಲ್ಲ.

ಇದಕ್ಕೆ ಒಂದು ಸರಳವಾದ ಸೂತ್ರವಿದೆ. ಹೋಟಲುಗಳಲ್ಲಿ ಎರಡು ಬಗೆ: ಹಾದಿಹೋಕರನ್ನು ನಂಬಿ ನಡೆಯುವವು, ವಾಡಿಕೆಯ ಗಿರಾಕಿಗಳನ್ನು ನಂಬಿ ನಡೆಯುವವು. ಬಸ್ ನಿಲ್ದಾಣದ ಬಾಗಿಲಲ್ಲಿರುವ ಹೋಟಲಿನವರಿಗೆ ಇಂದು ತಿಂದು ಹೋದವನು ನಾಳೆ ಬರಬೇಕೆಂಬ ಅಗತ್ಯವಿಲ್ಲ. ಅವನ ಬದಲಿಗೆ ಇನ್ನೊಬ್ಬ ಇಳಿಯುತ್ತಾನೆ. ಬಡಾವಣೆಯ ಒಳಗಿರುವ ಹೋಟಲಿಗೆ ಆ ಅನುಕೂಲವಿಲ್ಲ. ಅಲ್ಲಿನ ಬ್ಯಾಂಕಿನ ಗುಮಾಸ್ತ, ಅಂಗಡಿಯ ಹುಡುಗ, ನಡೆದಾಡಲು ಬರುವ ನಿವೃತ್ತರು, ಇವರು ನಿತ್ಯವೂ ಬರಬೇಕು. ಒಂದು ದಿನ ಸಾರು ಹಳಸಿದರೆ ಮರುದಿನ ಗಲ್ಲಾಪೆಟ್ಟಿಗೆ ಹೇಳುತ್ತದೆ. ಆದ್ದರಿಂದ ಮೆಜೆಸ್ಟಿಕ್ಕಿನಲ್ಲಿ ಇಳಿದೊಡನೆ ಎದುರಿಗೆ ಕಂಡಲ್ಲಿ ನುಗ್ಗದೆ, ಎರಡು ಬೀದಿ ಒಳಗೆ ನಡೆಯುವುದು ಲಾಭ. ಈಗ ಅದೂ ಕಷ್ಟವಲ್ಲ. ತುಮಕೂರು ರಸ್ತೆಯಲ್ಲೇ ಬಸ್ಸಿಳಿದು ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಮಲ್ಲೇಶ್ವರದ ಅಂಚು, ಲಾಲ್‌ಬಾಗು, ಜಯನಗರ ಎಲ್ಲವೂ ಒಂದೇ ದಾರಿಯಲ್ಲಿವೆ. ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಇಳಿದರೆ ಗಾಂಧಿಬಜಾರು ಹತ್ತಿರ.

ಅಗ್ಗವಾದದ್ದು ಒಳ್ಳೆಯದಾಗಿರಲು ಸಾಧ್ಯವೇ ಎಂಬ ಸಂಶಯ ಹಲವರಿಗಿದೆ. ಸಾಧ್ಯ, ಆದರೆ ಅದಕ್ಕೆ ಕಾರಣ ಕಣ್ಣಿಗೆ ಕಾಣುವಂತಿರಬೇಕು. ಮೊದಲನೆಯ ಕಾರಣ, ತಿಂಡಿಗಳ ಸಂಖ್ಯೆ ಕಡಿಮೆಯಿರುವುದು. ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರನ್ನು ನೋಡಿ. ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು, ಕಾಫಿ — ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಸಾಂಬಾರು ಕೂಡ ಇಲ್ಲ, ಚಟ್ನಿ ಮಾತ್ರ. ಹೀಗಿದ್ದರೆ ಮಾಡಿದ್ದೆಲ್ಲವೂ ಬೇಗ ಖರ್ಚಾಗುತ್ತದೆ. ನಿನ್ನೆಯದು ಇಂದಿಗೆ ಉಳಿಯುವ ಪ್ರಶ್ನೆಯಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಹುಟ್ಟಿದ್ದು ಹೆಸರೇ ಹೇಳುವಂತೆ ವಿದ್ಯಾರ್ಥಿಗಳಿಗಾಗಿ. ಅದನ್ನು ಸಾಕಿದ್ದು ಮುಖ್ಯವಾಗಿ ಒಂದು ಮಸಾಲೆ ದೋಸೆ.

ಎರಡನೆಯ ಕಾರಣ, ಬಾಡಿಗೆ ಮತ್ತು ಕೂಲಿಯ ಉಳಿತಾಯ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗ ಬೆಂಗಳೂರಿಗೆ ಹೊಸ ಪದ್ಧತಿಯೊಂದು ಬಂತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ತಟ್ಟೆಯನ್ನು ತಾನೇ ತಂದುಕೊಂಡು ನಿಂತು ತಿನ್ನಬೇಕು. ಕುಳಿತವನು ಅರ್ಧ ಗಂಟೆ ಹಿಡಿಯುವ ಜಾಗದಲ್ಲಿ ನಿಂತವನು ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಅಷ್ಟೇ ಜಾಗದಲ್ಲಿ ಮೂರು ಪಟ್ಟು ಜನ ತಿಂದರೆ ಒಂದು ತಟ್ಟೆಯ ಮೇಲೆ ಬೀಳುವ ಬಾಡಿಗೆ ಮೂರರಲ್ಲಿ ಒಂದಾಯಿತು. ಅಡಿಗೆಯವನು ಗಾಜಿನ ಆಚೆಗೆ ಎಲ್ಲರ ಕಣ್ಣೆದುರಿಗೇ ಇರುವುದು ಇನ್ನೊಂದು ಲಾಭ. ದರ್ಶಿನಿ ಎಂಬುದು ಈಗ ಒಂದು ಹೋಟಲಿನ ಹೆಸರಾಗಿ ಉಳಿದಿಲ್ಲ, ಒಂದು ಜಾತಿಯ ಹೆಸರಾಗಿದೆ.

ಇಂತಹ ಕಾರಣ ಯಾವುದೂ ಇಲ್ಲದೆ ಬೆಲೆ ಮಾತ್ರ ಇಳಿದಿದ್ದರೆ ಅನುಮಾನಿಸಬೇಕು. ಏಕೆಂದರೆ ಒಳ್ಳೆಯ ಪದಾರ್ಥಕ್ಕೆ ಒಂದು ಕನಿಷ್ಠ ಬೆಲೆಯಿದೆ. 1924ರಲ್ಲಿ ಉಡುಪಿಯ ಕಡೆಯ ಮಯ್ಯ ಸೋದರರು ಆರಂಭಿಸಿದ ಮಾವಳ್ಳಿ ಟಿಫಿನ್ ರೂಮಿನ ಚರಿತ್ರೆಯಲ್ಲೇ ಈ ಪಾಠವಿದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮುಗಿಸಿ ಬಂದು ಅಲ್ಲಿನ ಶುಚಿತ್ವದ ಕ್ರಮಗಳನ್ನು ತಮ್ಮ ಅಡಿಗೆಮನೆಯಲ್ಲಿ ಜಾರಿಗೆ ತಂದರು. ಗಿರಾಕಿಗಳು ಆ ಅಡಿಗೆಮನೆಯನ್ನು ನೋಡಿಕೊಂಡು ಒಳಗೆ ಬರಬಹುದಾಗಿತ್ತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟಲು ತಿಂಡಿಯ ಬೆಲೆಯನ್ನು ಇಳಿಸಬೇಕೆಂಬ ಕಟ್ಟಳೆ ಬಂದಾಗ, ಪದಾರ್ಥದ ಗುಣವನ್ನು ಇಳಿಸಲೊಪ್ಪದೆ ನಷ್ಟ ಸಹಿಸಿ, ಕೊನೆಗೆ ಕೆಲವು ಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ಬೆಲೆ ತೀರ ಇಳಿದೂ ಆಹಾರ ಸರಿಯಾಗಿರಬೇಕಾದರೆ ಉಳಿದ ಹಣವನ್ನು ಯಾರಾದರೂ ತುಂಬಬೇಕು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಗೊತ್ತುಮಾಡಿದ್ದು ಹಾಗೆ. ಉಳಿದದ್ದನ್ನು ಸರ್ಕಾರ ಕೊಡುತ್ತದೆ. ಆಸ್ಪತ್ರೆಯ ಬಳಿ ತಂಗಬೇಕಾದವರು ಹತ್ತಿರದಲ್ಲಿ ಇಂತಹ ಕ್ಯಾಂಟೀನು ಇದೆಯೇ ಎಂದು ಮೊದಲ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಸಾಲಿನಲ್ಲಿ ನಿಲ್ಲುವುದರಲ್ಲಿ ಸಂಕೋಚಕ್ಕೆ ಏನೂ ಕಾರಣವಿಲ್ಲ.

ಇನ್ನು ಪರೀಕ್ಷೆಯ ಮಾತು. ತೆಂಗಿನ ಸೀಮೆಯವರಾದ ನಮಗೆ ಬೇರೆಯವರಿಗಿಲ್ಲದ ಒರೆಗಲ್ಲೊಂದು ಉಂಟು; ಅದೇ ಚಟ್ನಿ. ಕಾಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗೆ ಗಿಟುಕು ಬಿಟ್ಟು ಅಲುಗಾಡುವ ಸದ್ದು ಕೇಳಿ ಉಂಡೆಕೊಬ್ಬರಿ ತೆಗೆಯುವವರ ನಾಲಗೆಗೆ, ಹಸಿಕಾಯಿ ಯಾವುದು, ಹಳತು ಯಾವುದು, ಹುರಿಗಡಲೆ ಸೇರಿಸಿ ಹಿಗ್ಗಿಸಿದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹುರಿಗಡಲೆ ಸ್ವಲ್ಪವಿದ್ದರೆ ತಪ್ಪಲ್ಲ, ಅದು ಪದ್ಧತಿಯೇ. ಕಾಯಿಯೇ ಇಲ್ಲದೆ ನೀರು ನೀರಾಗಿದ್ದರೆ, ಅಥವಾ ಬೆಳಗಿನ ಚಟ್ನಿ ಸಂಜೆಯವರೆಗೆ ಉಳಿದು ಹುಳಿ ತಿರುಗಿದ್ದರೆ, ಕಣ್ಣಿಗೆ ಕಾಣದ ಅಡಿಗೆಮನೆ ಹೇಗಿರಬಹುದೆಂದು ಊಹಿಸಬಹುದು. ಆದರೆ ಇಲ್ಲಿ ನ್ಯಾಯವಾಗಿಯೂ ನಡೆದುಕೊಳ್ಳಬೇಕು. 2025ರಲ್ಲಿ ತೆಂಗಿನಕಾಯಿಯ ಬೆಲೆ ಏರಿದಾಗ ಅನೇಕ ಹೋಟಲಿನವರು ಕಾಯಿಚಟ್ನಿಯನ್ನು ಕಡಿಮೆ ಮಾಡಿ ಕಡಲೆಕಾಯಿ, ಟೊಮೇಟೊ ಚಟ್ನಿಗಳ ಮೊರೆಹೊಕ್ಕರು. ಹಾಗೆ ಬಹಿರಂಗವಾಗಿ ಬದಲಾಯಿಸಿದವರು ಮೋಸಗಾರರಲ್ಲ. ಮಾರುಕಟ್ಟೆಯಲ್ಲಿ ನಮ್ಮ ಮುಖ ಅರಳಿಸಿದ ಬೆಲೆಯೇ ಅವರ ರುಬ್ಬುವ ಕಲ್ಲನ್ನು ಬಡವಾಗಿಸಿತ್ತು.

ತಿಂಡಿಯಾಯಿತು, ರಾಗಿಮುದ್ದೆ, ಮಾಂಸದ ಸಾರು ಬೇಕೆನ್ನುವವರಿಗೆ ಮಿಲಿಟರಿ ಹೋಟಲುಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಮಾಂಸಾಹಾರದ ಖಾನಾವಳಿಗೆ ಈ ಹೆಸರು. ಇವುಗಳಲ್ಲಿ ಒಳ್ಳೆಯವು ಮಧ್ಯಾಹ್ನ ಎರಡು ಮೂರು ಗಂಟೆಗೆ ‘ಮುಗೀತು ಸ್ವಾಮಿ’ ಎನ್ನುತ್ತವೆ. ಮಾಂಸದ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಯೋಗ್ಯತಾಪತ್ರ ಬೇರೊಂದಿಲ್ಲ.

ಮಕ್ಕಳು ಜೊತೆಗಿದ್ದರೆ ಮಾತು ಬೇಗನೆ ಚೀನೀ ಊಟಕ್ಕೆ ತಿರುಗುತ್ತದೆ. ಅದರ ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಆಯ್ಕೆ ಸುಲಭ. ಚೀನೀಯರು ಭಾರತಕ್ಕೆ ಬಂದು ನೆಲಸಿದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಕಲ್ಕತ್ತೆಯ ಸುತ್ತ. ಮುಂದೆ ಟಾಂಗ್ರಾದಲ್ಲಿ ಚರ್ಮ ಹದಮಾಡುತ್ತಿದ್ದ ಹಕ್ಕಾ ಕುಟುಂಬಗಳು ಭೋಜನಶಾಲೆಗಳನ್ನೂ ತೆರೆದವು. ಕಲ್ಕತ್ತೆಯಲ್ಲೇ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಅಡಿಗೆಯವರು 1975ರಲ್ಲಿ ಮುಂಬಯಿಯಲ್ಲಿ, ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಗರಂಮಸಾಲೆಯ ಬದಲು ಸೋಯಾ ಸಾಸನ್ನು ಕೂಡಿಸಿ ಮಂಚೂರಿಯನ್ನು ಮಾಡಿದರೆಂದು ಪ್ರಸಿದ್ಧಿ. ಅಂದರೆ ನಮ್ಮ ಜಾತ್ರೆಗಳಿಗೂ ಬಂದಿರುವ ಗೋಬಿ ಮಂಚೂರಿಗೂ ಮಂಚೂರಿಯಾ ದೇಶಕ್ಕೂ ಹೆಸರಿನ ನಂಟು ಮಾತ್ರ. ಇನ್ನು 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ಟಿಬೆಟಿನವರು ನೆಲಸಿದ ಮೇಲೆ ಅವರ ಮೊಮೊ, ತುಕ್ಪಾಗಳೂ ನಮ್ಮ ನಾಡಿಗೆ ಬಂದವು.

ಚೀನೀ ಅಡಿಗೆಯ ಗುಟ್ಟು ಉರಿಯಲ್ಲಿದೆ. ಮೊದಲೇ ಹೆಚ್ಚಿಟ್ಟ ತರಕಾರಿಯನ್ನು ಜೋರು ಉರಿಯ ಕಬ್ಬಿಣದ ಬಾಣಲೆಯಲ್ಲಿ ಒಂದೆರಡು ನಿಮಿಷ ಮಾತ್ರ ಆಡಿಸಿ ಇಳಿಸುತ್ತಾರೆ. ಆದ್ದರಿಂದ ಅದು ಕೇಳಿದ ಮೇಲೆ ಮಾಡಿದ್ದಾಗಿರಬೇಕು, ಹೊಗೆಯಾಡುತ್ತ ಬರಬೇಕು, ತರಕಾರಿ ಗರುಕು ಉಳಿದಿರಬೇಕು. ದೋಸೆಯಿಂದ ಹಿಡಿದು ಐಸ್‌ಕ್ರೀಮಿನವರೆಗೆ ಇನ್ನೂರು ಪದಾರ್ಥಗಳ ಪಟ್ಟಿಯಲ್ಲಿ ನೂಡಲ್ಸೂ ಒಂದಾಗಿರುವ ಹೋಟಲಿಗಿಂತ ಅದನ್ನೇ ಮಾಡುವ ಚಿಕ್ಕ ಜಾಗ ಮೇಲು. ಇಲ್ಲಿಯೂ ಹಳೆಯ ಸೂತ್ರವೇ: ಕಮ್ಮನಹಳ್ಳಿಯಂತಹ ಕಡೆ ಹೊರನಾಡಿನ ವಿದ್ಯಾರ್ಥಿಗಳು, ಕೆಲಸಗಾರರು ನಿತ್ಯ ತಿನ್ನುವ ಜಾಗದಲ್ಲಿ ಬೆಲೆ ಹಗುರ, ರುಚಿ ಪ್ರಾಮಾಣಿಕ. ತಲೆಗೊಂದು ತಟ್ಟೆ ತರಿಸಬೇಡಿ. ನಾಲ್ವರಿಗೆ ಎರಡು ಅನ್ನ ಅಥವಾ ನೂಡಲ್ಸು, ಎರಡು ನೆಂಚಿಕೆ ತರಿಸಿ ಹಂಚಿಕೊಳ್ಳುವುದೇ ಆ ಊಟದ ಕ್ರಮ. ಸಾಲದಿದ್ದರೆ ಮತ್ತೆ ಕೇಳಬಹುದು. ಸಸ್ಯಾಹಾರಿಗಳು ಮೊಟ್ಟೆ, ಮೀನಿನ ಸಾಸು, ಕೋಳಿಯ ಸಾರು ಹಾಕುತ್ತಾರೆಯೇ, ಬಾಣಲೆ ಬೇರೆಯೇ ಎಂದು ಮೊದಲೇ ಕೇಳುವುದು ಕ್ಷೇಮ.

ಅಜಿನೊಮೊಟೊ ಎಂದರೆ ಬೆಚ್ಚುವವರು ಬಹಳ. 1908ರಲ್ಲಿ ಜಪಾನಿನ ವಿಜ್ಞಾನಿ ಇಕೆಡಾ ಅವರು ಕಡಲಪಾಚಿಯ ಸಾರಿನಲ್ಲಿ ಗುರುತಿಸಿದ ರುಚಿಯ ಲವಣ ಅದು. ಮಿತವಾಗಿದ್ದರೆ ಬಹುಪಾಲು ಜನಕ್ಕೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾಗಿ ಅಂಜಬೇಕಾದದ್ದು ಬಣ್ಣಕ್ಕೆ ಮತ್ತು ಎಣ್ಣೆಗೆ. ಕರ್ನಾಟಕ ಸರ್ಕಾರ ಪರೀಕ್ಷೆಗೆಂದು ತರಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಕಂಡುಬಂದು, 2024ರ ಮಾರ್ಚ್ 11ರಂದು ಅಂತಹ ಬಣ್ಣಗಳನ್ನು ನಿಷೇಧಿಸಲಾಯಿತು. ನಿಷೇಧವಾದದ್ದು ಗೋಬಿಯಲ್ಲ, ಬಣ್ಣ. ಒಳ್ಳೆಯ ಮಂಚೂರಿ ಸೋಯಾ ಸಾಸಿನ ಕಂದು ಬಣ್ಣಕ್ಕಿರುತ್ತದೆ. ಕುಂಕುಮದಂತೆ ಕೆಂಪಗೆ ಹೊಳೆದು ಬೆರಳಿಗೆ ಅಂಟಿದರೆ ಮಕ್ಕಳ ಕೈಗೆ ಕೊಡಬೇಡಿ. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆಯೆದ್ದು ಘಾಟು ಹೊಡೆಯುತ್ತಿದ್ದರೆ ಮುಂದೆ ನಡೆಯಿರಿ.

ಕೊನೆಗೆ ಬಿಲ್ಲು. ಗೋಡೆಯ ಮೇಲೆ ಹದಿನಾಲ್ಕು ಅಂಕಿಗಳ ಆಹಾರ ಸುರಕ್ಷತಾ ಸಂಖ್ಯೆಯಿರುವ ಪತ್ರವನ್ನು ತೂಗುಹಾಕಬೇಕೆಂಬುದು ನಿಯಮ. ದೊಡ್ಡ ಹೋಟಲುಗಳು ತೆರಿಗೆಯಲ್ಲದೆ ಸೇವಾಶುಲ್ಕವೆಂದು ಸೇರಿಸುವುದುಂಟು. ಅದು ಕಡ್ಡಾಯವಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡಲು ಮನಸ್ಸಿಲ್ಲದಿದ್ದರೆ ತೆಗೆಯಿರೆಂದು ಸಮಾಧಾನವಾಗಿ ಹೇಳಬಹುದು.

ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನವಿಲ್ಲದಿದ್ದರೆ ಅಲ್ಲಿ ನಿತ್ಯವಿರುವವರನ್ನೇ ಕೇಳುವುದು ಲೇಸು. ಆದರೆ ‘ಇಲ್ಲಿ ಹೆಸರಾದ ಹೋಟಲು ಯಾವುದು?’ ಎಂದು ಕೇಳಿದರೆ ದೂರದ್ದೊಂದು ಹೆಸರು ಹೇಳಿಬಿಡುತ್ತಾರೆ. ವಾರ್ಡಿನ ದಾದಿಯನ್ನು, ಆಟೋ ನಡೆಸುವವರನ್ನು, ಹಾಸ್ಟೆಲಿನಲ್ಲಿರುವ ಮಗಳನ್ನು ‘ನೀವು ದಿನಾ ಎಲ್ಲಿ ಉಣ್ತೀರಿ?’ ಎಂದು ಕೇಳಿ ನೋಡಿ. ಅವರು ಬೆರಳು ತೋರಿಸಿದ ಕಡೆ ನಡೆಯಿರಿ.