‘ಜಗ್ ಚಂಗಾ’: ನಾವು ಕೇಳದೆ ಬಿಟ್ಟ ರಘು ದೀಕ್ಷಿತ್



ರಘು ದೀಕ್ಷಿತ್ ಹೆಸರು ಹೇಳಿದರೆ ಸಾಕು, ದೆಹಲಿಯಲ್ಲಿ ಬೆಳೆದ ನಮ್ಮ ಹುಡುಗ ಹುಡುಗಿಯರ ಮುಖ ಅರಳುತ್ತದೆ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು, ಎದೆಯಾಳದಿಂದ ಬರುವ ಆ ಕಂಠ! ಆದರೆ ಯಾವ ಹಾಡು ಗೊತ್ತು ಎಂದು ಕೇಳಿ ನೋಡಿ. ‘ಮೈಸೂರ್ ಸೇ ಆಯೀ’ ಅಥವಾ ‘ಗುಡುಗುಡಿಯಾ ಸೇದಿ ನೋಡೋ’ ಎನ್ನುತ್ತಾರೆ. ಎರಡೂ 2008ರ ಮೊದಲ ಆಲ್ಬಮ್ಮಿನವು. ಐದು ವರ್ಷಗಳ ನಂತರ, 2013ರಲ್ಲಿ ಬಂದ ‘ಜಗ್ ಚಂಗಾ’ವನ್ನು ನೆನೆಯುವವರು ನಮ್ಮಲ್ಲಿ ಕಡಿಮೆ. ನನಗೆ ಅದೇ ಹೆಚ್ಚು ಇಷ್ಟ. ಕರ್ನಾಟಕದ ಹೊರಗೆ ಬೆಳೆದ ನಿಮಗೆ ಅದು ಇನ್ನೂ ಹತ್ತಿರದ್ದು ಎಂದು ನನ್ನ ನಂಬಿಕೆ.

ರಘು ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಕೊನೆಗೆ ಕೈಹಿಡಿದದ್ದು ಗಿಟಾರು! ‘ಇಷ್ಟೆಲ್ಲ ಓದಿ ಹಾಡುವುದೇ?’ ಎಂದು ಕೇಳುವ ತಾಯಂದಿರು ಗಮನಿಸಬೇಕು. 2010ರಲ್ಲಿ ಈ ಕಂಠವನ್ನು ಬಿಬಿಸಿ ದೂರದರ್ಶನದಲ್ಲಿ ಇಂಗ್ಲೆಂಡಿನ ಜನ ಕೇಳಿದರು. ಭಾಷೆ ತಿಳಿಯದಿದ್ದರೂ ತಲೆದೂಗಿದರು.

ಈಗ ಆಲ್ಬಮ್ಮಿನ ಹೆಸರನ್ನೇ ನೋಡಿ. ‘ಚಂಗಾ’ ಪಂಜಾಬಿ ಮಾತು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ, ದಿನವೂ ಗೆಳೆಯರ ಬಾಯಲ್ಲಿ ಕೇಳುತ್ತೀರಿ. ‘ಜಗ’ ನಮ್ಮದೂ ಹೌದು, ಅವರದೂ ಹೌದು. ಒಳಗೆ ‘ಯಾದೋಂ ಕೀ ಕ್ಯಾರೀ’ ಎಂಬ ಹಿಂದಿ ಹಾಡಿದೆ. ಕ್ಯಾರೀ ಎಂದರೆ ಗಿಡ ನೆಡುವ ಪಾತಿ. ನೆನಪುಗಳ ಪಾತಿ ಎಂದರೆ ಎಷ್ಟು ಚೆನ್ನ! ಅದೇ ಆಲ್ಬಮ್ಮಿನಲ್ಲಿ ಸಂತ ಶಿಶುನಾಳ ಶರೀಫರ ಕನ್ನಡವೂ ಇದೆ. ಹೊರಗೆ ಹಿಂದಿ, ಊಟದ ಹೊತ್ತಿಗೆ ಕನ್ನಡ ಎಂದು ಬದುಕುವ ನಿಮ್ಮ ಮನೆಗಳ ಹಾಗೆಯೇ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದನ್ನು ನಾವು ಹಿರಿಯರು ಉಪದೇಶ ಮಾಡಿ ಹೇಳುತ್ತೇವೆ, ಈ ಆಲ್ಬಮ್ ಹಾಡಿ ತೋರಿಸುತ್ತದೆ.

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಮುಸ್ಲಿಂ ಮನೆಯಲ್ಲಿ ಹುಟ್ಟಿ ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಅವರ ‘ಕೋಡಗನ ಕೋಳಿ ನುಂಗಿತ್ತಾ’ ಈ ಆಲ್ಬಮ್ಮಿನಲ್ಲಿದೆ. ಕೋಡಗ ಎಂದರೆ ಕೊಡಗು ಅಲ್ಲ ಮಕ್ಕಳೇ, ಕೋತಿ! ಚಿಕ್ಕದು ದೊಡ್ಡದನ್ನು ನುಂಗುತ್ತ ಹೋಗುವ ಈ ವಿಚಿತ್ರ ಮೊದಲು ನಗು ತರಿಸುತ್ತದೆ. ಕೊನೆಗೆ ಶಿಷ್ಯನೇ ಗುರುವಿನಲ್ಲಿ ಕರಗಿಹೋದಾಗ ನಗು ತಾನಾಗಿ ನಿಲ್ಲುತ್ತದೆ. ಬಿ.ಎ.ಯಲ್ಲಿ ಜಾನ್ ಡನ್ ಕವಿಯ ವಿರೋಧಾಭಾಸಗಳನ್ನು ಟಿಪ್ಪಣಿ ಬರೆದುಕೊಂಡು ಓದಿದವಳು ನಾನು. ನಮ್ಮ ಹಳ್ಳಿಯ ಸಂತ ಅದನ್ನೇ ಕೋಳಿ, ಕೋತಿಗಳಲ್ಲಿ ಹೇಳಿಬಿಟ್ಟಿದ್ದಾರೆ.

ಇನ್ನೊಂದು ‘ಲೋಕದ ಕಾಳಜಿ’. ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನಿಗೆ ಶರೀಫರು ‘ಬೇಡ’ ಎನ್ನುವುದಿಲ್ಲ. ಮಾಡಿಕೊಳ್ಳಪ್ಪ, ಯಾರು ತಡೆದರು ಎಂದು ನಗುತ್ತಾರೆ. ಪ್ರವೇಶ ಪರೀಕ್ಷೆ, ಗುರುಗ್ರಾಮದ ನೌಕರಿ, ಪಕ್ಕದ ಮನೆಯವರ ಅಂಕ ಎಂದು ನಿದ್ದೆಗೆಡುವ ನಿಮಗೂ, ನಿಮಗಿಂತ ಹೆಚ್ಚು ನಿದ್ದೆಗೆಡುವ ನಮಗೂ ಈ ಹಾಡು ಬೇಕು.

ಶರೀಫರನ್ನು ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಕೇಳಿದ ನಮ್ಮ ತಲೆಮಾರಿಗೆ ಡ್ರಮ್ಮು, ಗಿಟಾರು ಗಲಾಟೆ ಎನಿಸುವುದುಂಟು. ಕೆಲವೆಡೆ ವಾದ್ಯಗಳ ಅಬ್ಬರದಲ್ಲಿ ಮಾತು ಮುಳುಗುವುದೂ ನಿಜ. ಆದರೆ ಅಶ್ವತ್ಥ್ ಸಂಗೀತದ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದದ್ದು 1990ರಲ್ಲಿ, ಶರೀಫರು ತೀರಿಕೊಂಡ ನೂರು ವರ್ಷಗಳ ಮೇಲೆ. ಬಹುಕಾಲ ಈ ಪದಗಳು ಭಜನೆಯವರ ಬಾಯಲ್ಲಿ ನಡೆದುಬಂದವು. ಅಶ್ವತ್ಥ್ ತಮ್ಮ ಕಾಲದ ವಾದ್ಯ ಜೋಡಿಸಿದರು, ರಘು ತಮ್ಮ ಕಾಲದ್ದು. ಪದ ಶರೀಫರದೇ. ಅದು ನಿಲ್ಲುವುದು ನಿಮ್ಮ ಬಾಯಿಗೆ ಬಂದರೆ ಮಾತ್ರ.

ಆದ್ದರಿಂದ ಒಂದು ಕೋರಿಕೆ. ಮುಂದಿನ ರಾಜ್ಯೋತ್ಸವಕ್ಕೆ ಪ್ರತಿ ವರ್ಷದ ಹಾಡನ್ನೇ ಆರಿಸಬೇಡಿ. ಈ ಹಾಡುಗಳು ಮೊಬೈಲಿನಲ್ಲೇ ಸಿಗುತ್ತವೆ. ಒಂದನ್ನು ಪೂರ್ತಿ ಕಲಿಯಿರಿ. ಉತ್ತರ ಕರ್ನಾಟಕದ ಮಾತು ಅರ್ಥವಾಗದಿದ್ದರೆ ಧಾರವಾಡ, ಹುಬ್ಬಳ್ಳಿ ಕಡೆಯ ಅಜ್ಜಿ, ಅತ್ತೆ ಯಾರಿಗಾದರೂ ಫೋನು ಮಾಡಿ ಕೇಳಿ. ಅವರಿಗೆ ಅದಕ್ಕಿಂತ ಸಂತೋಷದ ಫೋನು ಇನ್ನೊಂದಿಲ್ಲ.