ಸುತ್ತುವರಿಯುವ ಚಿತ್ರ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಆನೆ ಕುದುರೆಗಳು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಸೇನಾನಿ ಬೈಲಿ, ಅವನನ್ನು ಸುತ್ತುಗಟ್ಟಿದ ಸವಾರರು. ಒಂದೇ ನೋಟಕ್ಕೆ ಇಷ್ಟೂ ನಿಲುಕದು. ನೋಡುವವರು ಗೋಡೆಯ ಉದ್ದಕ್ಕೂ ನಡೆಯಬೇಕಾಗುತ್ತದೆ.

1799ರ ಮೇ 4ರಂದು ಇದೇ ಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು; ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದನು ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು, ಲಂಡನ್ನಿನ ಲೈಸಿಯಂ ಎಂಬ ಮಂದಿರದಲ್ಲಿ ಕಮಾನಿನಂತೆ ಬಾಗಿಸಿ ನಿಲ್ಲಿಸಿದನು. ಒಳಹೊಕ್ಕವರ ಕಣ್ಣು ಎಡಕ್ಕೆ ಹೊರಳಿದರೂ ಬಲಕ್ಕೆ ಹೊರಳಿದರೂ ಯುದ್ಧವೇ. ಜನ ಮುಗಿಬಿದ್ದು ನೋಡಿದರು. ಸೋಜಿಗವೆಂದರೆ, ಅದನ್ನು ಬರೆದವನು ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ!

ನೋಡುವವರನ್ನು ಹೀಗೆ ಚಿತ್ರದೊಳಕ್ಕೆ ಸೆಳೆದುಕೊಳ್ಳುವ ಆಸೆಯೇ ಇಂದು ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾವಾಸ್ತವ, ಎಂಬ ರೂಪವನ್ನು ತಳೆದಿದೆ. ಇದರಲ್ಲಿ ಬಟ್ಟೆಯೂ ಇಲ್ಲ, ಗೋಡೆಯೂ ಇಲ್ಲ. ತಲೆಗೆ ತೊಡುವ ಒಂದು ಸಾಧನದಲ್ಲಿ ಎರಡು ಕಣ್ಣುಗಳಿಗೂ ತುಸು ಬೇರೆಯಾದ ಎರಡು ಚಿತ್ರಗಳು ಕಾಣುತ್ತವೆ. ಮಿದುಳು ಅವೆರಡನ್ನೂ ಬೆಸೆದು ಆಳವನ್ನು ಗ್ರಹಿಸುತ್ತದೆ. ಆದರೆ ಪೋರ್ಟರನ ಚಿತ್ರಕ್ಕೂ ಇದಕ್ಕೂ ಇರುವ ನಿಜವಾದ ಅಂತರ ಬೇರೊಂದು. ಆ ಚಿತ್ರಕ್ಕೆ ಎದುರಿಗೆ ನಿಂತವನ ಅರಿವಿರಲಿಲ್ಲ. ಈ ಸಾಧನವಾದರೋ ತೊಟ್ಟವನ ಚಲನೆಯನ್ನು ಎಡೆಬಿಡದೆ ಅಳೆಯುತ್ತದೆ. ತಲೆ ಎತ್ತ ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಒಳಗಿನ ಸಂವೇದಕಗಳು ತಿಳಿಸುತ್ತವೆ. ಅವನು ಎಷ್ಟು ಹೆಜ್ಜೆ ಸರಿದನೆಂಬುದನ್ನು ಪುಟ್ಟ ಕ್ಯಾಮರಾಗಳು ಕೋಣೆಯನ್ನು ನೋಡಿಯೇ ಲೆಕ್ಕಹಾಕುತ್ತವೆ. ಅದಕ್ಕೆ ತಕ್ಕಂತೆ ಕಂಪ್ಯೂಟರು ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಈ ಕೆಲಸ ಸೆಕೆಂಡಿನ ಸುಮಾರು 50ನೆಯ ಒಂದು ಭಾಗದೊಳಗೆ ಮುಗಿಯಬೇಕು. ತಡವಾದರೆ ಕಣ್ಣು ಹೇಳುವುದೊಂದು, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೊಂದು ಆಗಿ ತಲೆ ಸುತ್ತುತ್ತದೆ.

1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ರೂಪಿಸಿದ ಇಂಥ ಸಾಧನವು ಚಾವಣಿಗೆ ಜೋಡಿಸಿದ್ದ ತೋಳಿನ ಆಸರೆಯಲ್ಲಿ ನಿಂತಿತ್ತು. ಮುಂದೆ ಅದು ಹಗುರವಾದರೂ ಕಂಪ್ಯೂಟರಿನ ತಂತಿ ಬಹುಕಾಲ ಬಿಡಲಿಲ್ಲ. ಮಂಡ್ಯ ಸೀಮೆಯ ಪೂಜಾ ಕುಣಿತದವನ ಬೆನ್ನಿಗೆ ಹಗ್ಗ ಕಟ್ಟಿ ಗಿರ್ರನೆ ತಿರುಗು ಎಂದರೆ ಹೇಗೋ, ಹಾಗೆ! ಈಗ ಕಂಪ್ಯೂಟರೂ ಬ್ಯಾಟರಿಯೂ ತಲೆಯ ಮೇಲೆಯೇ ಕುಳಿತಿವೆ. ತಂತಿ ಹೋಯಿತು, ಭಾರವೂ ಬಿಸಿಯೂ ಬಂದವು.

ಈ ಸಾಧನದಲ್ಲಿ 1799ರ ಮುತ್ತಿಗೆಯನ್ನು ಯಾರಾದರೂ ಕಟ್ಟಿದರೆನ್ನೋಣ. ತೊಟ್ಟವನು ಎತ್ತ ಬೇಕಾದರೂ ತಿರುಗಬಹುದು. ಆದರೆ ಕಟ್ಟಿದವನು ಇಡದೆ ಬಿಟ್ಟದ್ದು ಎತ್ತ ತಿರುಗಿದರೂ ಕಾಣದು. ಅವನನ್ನು ಕೋಟೆಯ ಒಳಗೆ ನಿಲ್ಲಿಸಬೇಕೋ ಹೊರಗೋ ಎಂಬುದು ಅವನು ತಲೆಗೆ ತೊಡುವ ಮುನ್ನವೇ ತೀರ್ಮಾನವಾಗಿರುತ್ತದೆ. ಪೋರ್ಟರನು ತೋರಿಸಿದ್ದು ಗೆದ್ದ ಇಂಗ್ಲಿಷರ ಸಾಹಸವನ್ನು. ದರಿಯಾ ದೌಲತ್ತಿನ ಕಲಾವಿದರು ತೋರಿಸಿದ್ದು ಗೆದ್ದ ಮೈಸೂರನ್ನು. ಪೋರ್ಟರನ ಬಟ್ಟೆ ಇಂದು ಉಳಿದಿಲ್ಲ. ಅದರ ಅಚ್ಚಿನ ಪ್ರತಿಗಳಷ್ಟೇ ಇವೆ. ಪೊಳ್ಳಿಲೂರಿನ ಯುದ್ಧ ಮಾತ್ರ ಶ್ರೀರಂಗಪಟ್ಟಣದ ಆ ಗೋಡೆಯ ಮೇಲೆ ಇನ್ನೂ ನಡೆಯುತ್ತಿದೆ.